ಇಂಗ್ಲಿಷಿನ ‘ಗೆಟ್’ ಜರ್ಮನ್‌ಗೆ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕನ್ನಡಿಗರಿಗೆ ಜರ್ಮನ್ ಹೇಳಿಕೊಡುತ್ತೇನೆ. ನರ್ಸಿಂಗ್ ಕೆಲಸಕ್ಕೆ ಹೊರಟವರು, ಎಂ.ಎಸ್. ಓದಲು ಹೊರಟವರು, ಮದುವೆಯಾಗಿ ಸ್ಟುಟ್‌ಗಾರ್ಟಿಗೋ ಮ್ಯೂನಿಕ್‌ಗೋ ಹೋಗುವವರು, ಹೀಗೆ ಎಲ್ಲ ಥರದವರೂ ಬರುತ್ತಾರೆ. ಯಾರೇ ಬಂದರೂ ಒಂದು ಹಂತದಲ್ಲಿ ‘ಗೆಟ್’ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಜರ್ಮನ್ ಪದಗಳನ್ನು ಕೇಳಿಸುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ‘ಝ’ ಕಂಡಲ್ಲಿ ‘ಝೂ’ ಪದದ ಮೊದಲ ಸದ್ದು ಮಾಡಿ. ‘ಇಶ್’, ‘ಮಿಶ್’, ‘ಝಿಶ್’ ಪದಗಳ ಕೊನೆಯ ಸದ್ದು ನಮ್ಮ ‘ಶ’ಗಿಂತ ಮೆದು, ಸ್ವಲ್ಪ ‘ಹ’ ಕಡೆ ವಾಲುತ್ತದೆ.

‘ಗೆಟ್’ಗೆ ಜರ್ಮನ್‌ನಲ್ಲಿ ಒಂದೇ ಒಂದು ಪದ ಹೇಳಿ ಅಂದರೆ?

ಹೇಳಲು ಬರುವುದಿಲ್ಲ. ನಿಘಂಟು ತೆರೆದರೆ ಮೊದಲು ‘ಬೆಕೊಮ್ಮೆನ್’ ಸಿಗುತ್ತದೆ. ಅದನ್ನೇ ಹಿಡಿದುಕೊಂಡು ಎಲ್ಲ ಕಡೆ ಹಾಕಿದರೆ ಹೆಚ್ಚಿನ ವಾಕ್ಯಗಳು ತಪ್ಪಾಗುತ್ತವೆ.

‘ಗೆಟ್’ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ, ಅಂದರೆ ವೈಕಿಂಗರ ಮಾತಿನಿಂದ. ಮೊದಲಿದ್ದ ಅರ್ಥ ‘ಪಡೆ’. ಆಮೇಲೆ ಅದು ಆಗು, ತಲುಪು, ಮಾಡಿಸು, ಅರ್ಥಮಾಡಿಕೋ ಎಂದೆಲ್ಲ ಹರಡಿಕೊಂಡಿತು. ಜರ್ಮನ್‌ನಲ್ಲಿ ಆ ಕೆಲಸಗಳನ್ನು ಬೇರೆ ಬೇರೆ ಕ್ರಿಯಾಪದಗಳು ಹಂಚಿಕೊಂಡಿವೆ. ಅದೇ ಬೇರು ಜರ್ಮನ್‌ನಲ್ಲಿ ‘ಫೆರ್‌ಗೆಸ್ಸೆನ್’ ಪದದ ಒಳಗೆ ಇನ್ನೂ ಇದೆ. ಫೆರ್‌ಗೆಸ್ಸೆನ್ ಅಂದರೆ ಮರೆಯುವುದು, ಇಂಗ್ಲಿಷಿನ ‘ಫರ್ಗೆಟ್’ಗೆ ಸೋದರ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಕನ್ನಡದಿಂದ. ಈ ಪುಟದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

‘ಐ ಗಾಟ್’ ಎಂದು ಶುರುವಾಗುವ ಮಾತುಗಳನ್ನು ಕನ್ನಡದಲ್ಲಿ ಹೇಳಿ ನೋಡಿ. ನನಗೆ ಕೆಲಸ ಸಿಕ್ಕಿತು. ನನಗೆ ಸುಸ್ತಾಯಿತು. ಹಾಲು ತಂದೆ. ರಾತ್ರಿ ಮನೆ ತಲುಪಿದೆ. ನೀನು ಹೇಳಿದ್ದು ಅರ್ಥವಾಯಿತು. ಕಟಿಂಗ್ ಮಾಡಿಸಿಕೊಂಡೆ. ಆರು ವಾಕ್ಯ, ಆರು ಬೇರೆ ಕ್ರಿಯಾಪದ. ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿದ್ದನ್ನು ಕನ್ನಡ ಆಗಲೇ ಬಿಡಿಸಿ ಇಟ್ಟಿದೆ. ಜರ್ಮನ್ ಕೂಡ ಹೆಚ್ಚು ಕಡಿಮೆ ಅದೇ ಜಾಗಗಳಲ್ಲಿ ಬಿಡಿಸುತ್ತದೆ. ಸಿಗುವುದಕ್ಕೆ ಬೆಕೊಮ್ಮೆನ್, ಆಗುವುದಕ್ಕೆ ವೇರ್ಡೆನ್, ತರುವುದಕ್ಕೆ ಹೋಲೆನ್, ತಲುಪುವುದಕ್ಕೆ ಆನ್‌ಕೊಮ್ಮೆನ್, ಅರ್ಥವಾಗುವುದಕ್ಕೆ ಫೆರ್‌ಶ್ಟೇಯೆನ್, ಮಾಡಿಸುವುದಕ್ಕೆ ಲಸ್ಸೆನ್.

ನಮ್ಮಲ್ಲಿ ಜರ್ಮನ್ ತರಗತಿಗಳು ಸಾಮಾನ್ಯವಾಗಿ ಇಂಗ್ಲಿಷ್ ಮೂಲಕವೇ ನಡೆಯುತ್ತವೆ. ಇದು ಹಳೆಯ ರೂಢಿ. ಫರ್ಡಿನಾಂಡ್ ಕಿಟೆಲ್ ಸ್ವತಃ ಜರ್ಮನ್ನರು. ಆದರೂ ಅವರು 1894ರಲ್ಲಿ ಮಂಗಳೂರಿನಿಂದ ಹೊರತಂದದ್ದು ಕನ್ನಡ–ಇಂಗ್ಲಿಷ್ ನಿಘಂಟು. ತರಗತಿ ಇಂಗ್ಲಿಷಿನಲ್ಲಿ ಇರಲಿ, ಪರವಾಗಿಲ್ಲ. ವಾಕ್ಯ ಕಟ್ಟುವಾಗ ಮಾತ್ರ ಮನಸ್ಸಿನಲ್ಲಿ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದ ಕ್ರಿಯಾಪದ ಯಾವುದು ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕನ್ನಡವೂ ಕೈಕೊಡುವ ಜಾಗಗಳಿವೆ, ಅವನ್ನೂ ಮುಂದೆ ಹೇಳುತ್ತೇನೆ.

‘ಬೆಕೊಮ್ಮೆನ್’ ಅನ್ನು ಯಾವಾಗ ಧೈರ್ಯವಾಗಿ ಬಳಸಬಹುದು?

ಏನಾದರೂ ನಿಮ್ಮ ಕೈಗೆ ಬಂದಾಗ, ನಿಮಗೆ ಸಿಕ್ಕಾಗ. ‘ಇಶ್ ಹಾಬೆ ಐನೆನ್ ಬ್ರೀಫ್ ಬೆಕೊಮ್ಮೆನ್’ ಅಂದರೆ ನನಗೆ ಒಂದು ಪತ್ರ ಬಂತು. ವೀಸಾ, ಕೆಲಸ, ಸಂಬಳ, ಉಡುಗೊರೆ, ಫೋನ್ ಕರೆ, ಡಾಕ್ಟರ ಅಪಾಯಿಂಟ್‌ಮೆಂಟ್, ಎಲ್ಲಕ್ಕೂ ಇದು ಸರಿ. ಅಪಾಯಿಂಟ್‌ಮೆಂಟ್‌ಗೆ ಜರ್ಮನ್‌ನಲ್ಲಿ ‘ಟೆರ್ಮೀನ್’ ಅನ್ನುತ್ತಾರೆ. ‘ಕಾನ್ ಇಶ್ ಐನೆನ್ ಟೆರ್ಮೀನ್ ಬೆಕೊಮ್ಮೆನ್?’ ಈ ವಾಕ್ಯವನ್ನು ಹೋಗುವ ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ಅಲ್ಲಿ ಡಾಕ್ಟರಿಂದ ಹಿಡಿದು ಸರ್ಕಾರಿ ಕಚೇರಿಯವರೆಗೆ ಎಲ್ಲದಕ್ಕೂ ಟೆರ್ಮೀನ್ ಬೇಕು.

ಒಂದು ಕಡೆ ಎಚ್ಚರ. ಕನ್ನಡದಲ್ಲಿ ‘ನನಗೆ’ ಸಿಕ್ಕಿತು ಅನ್ನುತ್ತೇವೆ. ಜರ್ಮನ್‌ನಲ್ಲಿ ‘ನಾನು’ ಕರ್ತೃ, ಸಿಕ್ಕ ವಸ್ತು ಅಕ್ಕುಝಾಟಿವ್, ಅಂದರೆ ನಮ್ಮ ದ್ವಿತೀಯಾ ವಿಭಕ್ತಿ. ಹಾಗಾಗಿ ‘ಮೀರ್ ಹಾಬೆ’ ಅಲ್ಲ, ‘ಇಶ್ ಹಾಬೆ’.

ನರ್ಸಿಂಗ್‌ಗೆ ಹೋಗುವವರಿಗೆ ಇನ್ನೆರಡು ವಾಕ್ಯ. ‘ಹಾಬೆನ್ ಝೀ ಈರೆ ಟಬ್ಲೆಟ್ಟೆನ್ ಬೆಕೊಮ್ಮೆನ್?’ ಅಂದರೆ ನಿಮಗೆ ಮಾತ್ರೆ ಕೊಟ್ಟರಾ ಎಂದು. ರೋಗಿ ‘ಇಶ್ ಬೆಕೊಮ್ಮೆ ಕೈನೆ ಲುಫ್ಟ್’ ಅಂದರೆ ತಡ ಮಾಡಬೇಡಿ. ಲುಫ್ಟ್ ಅಂದರೆ ಗಾಳಿ. ಉಸಿರಾಡಲು ಆಗುತ್ತಿಲ್ಲ ಎಂದು ಅವರು ಹೇಳುತ್ತಿದ್ದಾರೆ.

ಕನ್ನಡದ ‘ಸಿಗು’ ಇದ್ದ ಕಡೆ ಎಲ್ಲ ‘ಬೆಕೊಮ್ಮೆನ್’ ಹಾಕಬಹುದಾ?

ಇಲ್ಲ. ಕನ್ನಡ ಕೈಕೊಡುವ ಮೊದಲ ಜಾಗ ಇದು. ಕಳೆದ ಕೀ ಸಿಕ್ಕಿತು ಎಂದಾಗ ‘ಫಿಂಡೆನ್’ ಬೇಕು: ‘ಇಶ್ ಹಾಬೆ ಡೆನ್ ಶ್ಲ್ಯೂಸೆಲ್ ಗೆಫುಂಡೆನ್’. ‘ನಾಳೆ ಸಿಗೋಣ’ ಎಂದಾಗ ‘ಟ್ರೆಫೆನ್’ ಅಥವಾ ‘ಝೇಯೆನ್’: ‘ವಿರ್ ಝೇಯೆನ್ ಉನ್ಸ್ ಮೊರ್ಗೆನ್’. ಕೊಟ್ಟದ್ದು ಸಿಕ್ಕಿದರೆ ಬೆಕೊಮ್ಮೆನ್, ಹುಡುಕಿದ್ದು ಸಿಕ್ಕಿದರೆ ಫಿಂಡೆನ್, ಮನುಷ್ಯರು ಸಿಕ್ಕರೆ ಟ್ರೆಫೆನ್.

‘ಬೆಕೊಮ್ಮೆನ್’ ಕೇಳಿದರೆ ಇಂಗ್ಲಿಷಿನ ‘ಬಿಕಮ್’ ನೆನಪಾಗುತ್ತದೆ. ಎರಡೂ ಒಂದೇನಾ?

ಹುಟ್ಟಿದ್ದು ಒಂದೇ ಬೇರಿನಿಂದ, ಅರ್ಥ ಮಾತ್ರ ಬೇರೆ. ಎರಡರ ಒಳಗೂ ‘ಬರು’ ಎಂಬ ಕ್ರಿಯೆ ಇದೆ. ಇಂಗ್ಲಿಷಿನಲ್ಲಿ ಅದು ‘ಆಗು’ ಕಡೆಗೆ ಹೋಯಿತು, ಜರ್ಮನ್‌ನಲ್ಲಿ ‘ಪಡೆ’ ಕಡೆಗೆ ಹೋಯಿತು.

‘ನಾನು ಡಾಕ್ಟರ್ ಆಗಬೇಕು’ ಎನ್ನಲು ‘ಇಶ್ ವಿಲ್ ಆರ್ಟ್ಸ್ಟ್ ವೇರ್ಡೆನ್’. ಅಲ್ಲಿ ಬೆಕೊಮ್ಮೆನ್ ಹಾಕಿದರೆ ನನಗೆ ಡಾಕ್ಟರ್ ಬೇಕು ಎನ್ನುವ ಹಾಗೆ ಕೇಳಿಸುತ್ತದೆ. ಹೆಂಗಸೊಬ್ಬರು ‘ಇಶ್ ಬೆಕೊಮ್ಮೆ ಐನ್ ಕಿಂಡ್’ ಅಂದರೆ ಅದು ಸರಿಯಾದ ವಾಕ್ಯ. ನನಗೆ ಮಗುವಾಗಲಿದೆ ಎಂಬ ಸುದ್ದಿ ಅದು.

ಇನ್ನೊಂದು ಅರ್ಥವೂ ಇದೆ. ಊಟ ಮೈಗೆ ಒಗ್ಗಲಿಲ್ಲ ಎನ್ನಲು ‘ಡಾಸ್ ಎಸ್ಸೆನ್ ಇಸ್ಟ್ ಮೀರ್ ನಿಶ್ಟ್ ಬೆಕೊಮ್ಮೆನ್’. ಇಲ್ಲಿ ‘ಮೀರ್’ ಬಂತು, ‘ಇಸ್ಟ್’ ಬಂತು. ಪಡೆಯುವ ಅರ್ಥಕ್ಕೂ ಇದಕ್ಕೂ ಸಂಬಂಧ ಇಲ್ಲ.

‘ಕ್ರೀಗೆನ್’, ‘ಎರ್ಹಾಲ್ಟೆನ್’ ಅಂತಲೂ ಕೇಳಿದ್ದೇವೆ. ವ್ಯತ್ಯಾಸ ಏನು?

ಅರ್ಥ ಒಂದೇ, ಬಳಸುವ ಜಾಗ ಬೇರೆ. ಗೆಳೆಯರ ಜೊತೆ, ಮನೆಯಲ್ಲಿ ‘ಕ್ರೀಗೆನ್’. ಕಚೇರಿ ಪತ್ರದಲ್ಲಿ, ಇಮೇಲ್‌ನಲ್ಲಿ ‘ಎರ್ಹಾಲ್ಟೆನ್’. ಎರಡಕ್ಕೂ ನಡುವೆ, ಎಲ್ಲಿ ಬೇಕಾದರೂ ನಡೆಯುವುದು ‘ಬೆಕೊಮ್ಮೆನ್’. ‘ನಿಮ್ಮ ಇಮೇಲ್ ತಲುಪಿದೆ’ ಎಂದು ಕಂಪನಿಗೆ ಬರೆಯುವಾಗ ‘ಎರ್ಹಾಲ್ಟೆನ್’ ಹಾಕಿದರೆ ಚೆಂದ. ಸಂದರ್ಶನದಲ್ಲಿ ‘ಕ್ರೀಗೆನ್’ ಬೇಡ. ಅದೇನೂ ಕೆಟ್ಟ ಪದವಲ್ಲ, ಸಲಿಗೆ ಜಾಸ್ತಿ ಅಷ್ಟೆ.

‘ಕ್ರೀಗ್’ ಎಂಬ ನಾಮಪದಕ್ಕೆ ಯುದ್ಧ ಎಂಬ ಅರ್ಥ ಇದೆ. ಅದನ್ನು ದೊಡ್ಡ ಅಕ್ಷರದಿಂದ ಶುರು ಮಾಡಿ ಬರೆಯುತ್ತಾರೆ. ಮಾತಿನಲ್ಲಿ ಗೊಂದಲ ಆಗುವುದಿಲ್ಲ.

ಸುಸ್ತಾಯಿತು, ಕತ್ತಲಾಯಿತು, ವಯಸ್ಸಾಯಿತು. ಇವಕ್ಕೆಲ್ಲ ‘ವೇರ್ಡೆನ್’ ಸಾಕಾ?

ಹೌದು. ಕನ್ನಡಿಗರಿಗೆ ಬಹಳ ಸುಲಭವಾಗುವ ಭಾಗ ಇದು. ನಮ್ಮ ‘ಆಗು’ ಹೇಗೋ ಹಾಗೆಯೇ ಅವರ ‘ವೇರ್ಡೆನ್’. ‘ಎಸ್ ವಿರ್ಟ್ ಡುಂಕೆಲ್’: ಕತ್ತಲಾಗುತ್ತಿದೆ. ‘ಇಶ್ ವೇರ್ಡೆ ಮ್ಯೂಡೆ’: ನನಗೆ ಸುಸ್ತಾಗುತ್ತಿದೆ. ‘ಎರ್ ಇಸ್ಟ್ ಆಲ್ಟ್ ಗೆವೊರ್ಡೆನ್’: ಅವರಿಗೆ ವಯಸ್ಸಾಯಿತು. ಇಂಗ್ಲಿಷ್ ಮೂಲಕ ಹೋದರೆ ‘ಗೆಟ್ಟಿಂಗ್ ಡಾರ್ಕ್’, ಅದಕ್ಕೆ ಬೆಕೊಮ್ಮೆನ್ ಎಂದು ದಾರಿ ತಪ್ಪುತ್ತೀರಿ. ಕನ್ನಡದಿಂದ ಹೋದರೆ ನೇರ ದಾರಿ.

ಇದರಲ್ಲೇ ಒಂದು ಸೊಗಸಾದ ಸಂಗತಿ ಇದೆ. ‘ನನಗೆ ಚಳಿಯಾಗುತ್ತಿದೆ’ ಎನ್ನಲು ‘ಮೀರ್ ವಿರ್ಟ್ ಕಾಲ್ಟ್’. ಮೀರ್ ಅಂದರೆ ‘ನನಗೆ’. ನಮ್ಮ ಹಾಗೇ ಅಲ್ಲೂ ಚಳಿ ‘ನನಗೆ’ ಆಗುತ್ತದೆ. ಹೊಟ್ಟೆ ತೊಳಸುವುದಕ್ಕೆ ‘ಮೀರ್ ವಿರ್ಟ್ ಶ್ಲೆಶ್ಟ್’, ತಲೆ ಸುತ್ತುವುದಕ್ಕೆ ‘ಮೀರ್ ವಿರ್ಟ್ ಶ್ವಿಂಡ್ಲಿಶ್’. ಇಂಗ್ಲಿಷಿನ ಜಾಡಿನಲ್ಲಿ ‘ಇಶ್ ಬಿನ್ ಕಾಲ್ಟ್’ ಅಂದರೆ ಅರ್ಥವೇ ಬದಲಾಗುತ್ತದೆ. ಮನಸ್ಸು ತಣ್ಣಗಿರುವ, ಪ್ರೀತಿ ಇಲ್ಲದ ಮನುಷ್ಯ ಎಂದು ಕೇಳಿಸುತ್ತದೆ. ಕನ್ನಡ ಬಲ್ಲವರಿಗೆ ಈ ಚತುರ್ಥಿ ವಿಭಕ್ತಿ ಹುಟ್ಟಿನಿಂದ ಗೊತ್ತು. ಅದನ್ನು ಬಿಟ್ಟು ಇಂಗ್ಲಿಷಿನಿಂದ ಕಲಿಯಲು ಒದ್ದಾಡುವುದನ್ನು ನೋಡಿದಾಗ ನನಗೆ ನಿಜವಾಗಲೂ ಬೇಸರವಾಗುತ್ತದೆ.

ಹಸಿವಾಯಿತು, ಭಯವಾಯಿತು ಅನ್ನೋದಕ್ಕೂ ‘ವೇರ್ಡೆನ್’ ತಾನೆ?

ಇಲ್ಲಿ ನಿಲ್ಲಿ. ಕನ್ನಡ ಕೈಕೊಡುವ ಎರಡನೇ ಜಾಗ ಇದು. ಜರ್ಮನ್‌ನಲ್ಲಿ ಹಸಿವು, ಭಯ, ಜ್ವರ, ತಲೆನೋವು ಎಲ್ಲ ನಾಮಪದಗಳು. ನಾಮಪದ ಬಂದರೆ ‘ಬೆಕೊಮ್ಮೆನ್’: ಹುಂಗರ್ ಬೆಕೊಮ್ಮೆನ್, ಆಂಗ್ಸ್ಟ್ ಬೆಕೊಮ್ಮೆನ್, ಫೀಬರ್ ಬೆಕೊಮ್ಮೆನ್, ಕೊಪ್ಫ್‌ಶ್ಮೆರ್ತ್ಸೆನ್ ಬೆಕೊಮ್ಮೆನ್. ಗುಣವಾಚಕ ಬಂದರೆ ‘ವೇರ್ಡೆನ್’: ಮ್ಯೂಡೆ, ಕ್ರಾಂಕ್, ನಾಸ್, ಆಲ್ಟ್. ಅಂದರೆ ದಣಿದ, ಕಾಯಿಲೆ ಬಿದ್ದ, ಒದ್ದೆಯಾದ, ವಯಸ್ಸಾದ.

ಬರೆಯುವಾಗ ಗುರುತಿಸುವುದು ಸುಲಭ. ಜರ್ಮನ್‌ನಲ್ಲಿ ನಾಮಪದ ಯಾವಾಗಲೂ ದೊಡ್ಡ ಅಕ್ಷರದಿಂದ ಶುರುವಾಗುತ್ತದೆ. ದೊಡ್ಡ ಅಕ್ಷರ ಕಂಡರೆ ಬೆಕೊಮ್ಮೆನ್, ಚಿಕ್ಕ ಅಕ್ಷರ ಕಂಡರೆ ವೇರ್ಡೆನ್. ಆದರೆ ಉದ್ಯೋಗದ ಹೆಸರು ಬಂದಾಗ ಇದು ನಡೆಯುವುದಿಲ್ಲ. ‘ಆರ್ಟ್ಸ್ಟ್’ ನಾಮಪದವಾದರೂ ನೀವು ಅದೇ ಆಗುತ್ತಿದ್ದೀರಿ, ಹಾಗಾಗಿ ವೇರ್ಡೆನ್.

ಅಂಗಡಿಯಿಂದ ಏನಾದರೂ ತರುವುದಕ್ಕೆ?

‘ಹೋಲೆನ್’. ಹೋಗಿ ತೆಗೆದುಕೊಂಡು ಬರುವುದು. ‘ಇಶ್ ಹೋಲೆ ಬ್ರೋಟ್’: ಬ್ರೆಡ್ ತರ್ತೀನಿ. ದುಡ್ಡು ಕೊಟ್ಟು ಕೊಳ್ಳುವುದೇ ಮುಖ್ಯವಾದರೆ ‘ಕೌಫೆನ್’. ಹೇಗೋ ಹೊಂದಿಸಿ ತರುವುದಾದರೆ ‘ಬೆಝೊರ್ಗೆನ್’. ಯಾರನ್ನಾದರೂ ಸ್ಟೇಷನ್ನಿಂದ ಕರೆದುಕೊಂಡು ಬರುವುದಕ್ಕೆ ‘ಆಬ್‌ಹೋಲೆನ್’: ‘ಇಶ್ ಹೋಲೆ ಡಿಶ್ ಫೊಮ್ ಬಾನ್‌ಹೋಫ್ ಆಬ್’. ಅಂಚೆ ಕಚೇರಿಯಿಂದ ಪಾರ್ಸೆಲ್ ತರುವುದಕ್ಕೂ ಇದೇ.

ಸ್ಟೇಷನ್ನಿಗೆ ಹೇಗೆ ಹೋಗೋದು ಅಂತ ಕೇಳೋದು ಹೇಗೆ?

‘ವೀ ಕೊಮ್ಮೆ ಇಶ್ ತ್ಸುಮ್ ಬಾನ್‌ಹೋಫ್?’ ಕನ್ನಡ ಕೈಕೊಡುವ ಮೂರನೇ ಜಾಗ. ನಾವು ‘ಹೋಗು’ ಅನ್ನುತ್ತೇವೆ, ಅವರು ‘ಬರು’ ಎಂಬ ಅರ್ಥದ ‘ಕೊಮ್ಮೆನ್’ ಬಳಸುತ್ತಾರೆ. ಜರ್ಮನ್ನರ ಲೆಕ್ಕದಲ್ಲಿ ಮುಟ್ಟಬೇಕಾದ ಜಾಗವೇ ಮುಖ್ಯ. ನೀವು ಮನಸ್ಸಿನಲ್ಲಿ ಆಗಲೇ ಅಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ‘ತಲುಪು’ ಎಂದು ಕನ್ನಡದಲ್ಲಿ ಯೋಚಿಸಿದರೆ ಸರಿಹೋಗುತ್ತದೆ. ನಿಗದಿತ ಹೊತ್ತಿಗೆ ಊರು ತಲುಪುವುದಕ್ಕೆ ‘ಆನ್‌ಕೊಮ್ಮೆನ್’: ‘ವಾನ್ ಕೊಮ್ಮೆನ್ ವಿರ್ ಇನ್ ಕ್ಯೋಲ್ನ್ ಆನ್?’ ಅಂದರೆ ಕಲೋನ್ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು.

ರೈಲು ಹತ್ತುವುದು, ಇಳಿಯುವುದು?

ಹತ್ತಲು ‘ಐನ್‌ಶ್ಟೈಗೆನ್’, ಇಳಿಯಲು ‘ಔಸ್‌ಶ್ಟೈಗೆನ್’, ಇಳಿದು ಬೇರೆ ರೈಲು ಹಿಡಿಯಲು ‘ಉಮ್‌ಶ್ಟೈಗೆನ್’. ಈ ಮೂರನೆಯದು ಜರ್ಮನಿಯಲ್ಲಿ ದಿನವೂ ಬೇಕು. ಮಾನ್‌ಹೈಮ್‌ನಂಥ ಜಂಕ್ಷನ್‌ನಲ್ಲಿ ಧ್ವನಿವರ್ಧಕದಲ್ಲಿ ಕೇಳಿಬರುವ ಪದ ಅದು. ಬೆಳಿಗ್ಗೆ ಏಳುವುದಕ್ಕೆ ‘ಔಫ್‌ಶ್ಟೇಯೆನ್’. ಸೈಕಲ್, ಕುದುರೆ ಹತ್ತಲು ‘ಔಫ್‌ಶ್ಟೈಗೆನ್’. ಒಳಗೆ ಹೋಗಿ ಕೂರುವ ವಾಹನವಾದರೆ ಐನ್, ಮೇಲೆ ಕೂರುವುದಾದರೆ ಔಫ್.

‘ಮಾಡಿಸು’ ಎನ್ನುವ ಅರ್ಥದ ‘ಗೆಟ್’ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ?

ಖಂಡಿತ. ಕನ್ನಡ ಜರ್ಮನ್‌ಗೆ ಎಷ್ಟು ಹತ್ತಿರ ಅನ್ನುವುದು ನನಗೆ ಚೆನ್ನಾಗಿ ಕಾಣುವುದು ಇಲ್ಲಿಯೇ.

ನಾವು ‘ಮಾಡು’ಗೆ ‘-ಇಸು’ ಸೇರಿಸಿ ‘ಮಾಡಿಸು’ ಅನ್ನುತ್ತೇವೆ. ಜರ್ಮನ್ನರು ಕ್ರಿಯಾಪದದ ಜೊತೆ ‘ಲಸ್ಸೆನ್’ ಇಡುತ್ತಾರೆ. ‘ಇಶ್ ಲಸ್ಸೆ ಡಾಸ್ ಔಟೋ ರೆಪಾರೀರೆನ್’: ಕಾರು ರಿಪೇರಿ ಮಾಡಿಸುತ್ತೇನೆ. ಕೆಲಸ ನಿಮ್ಮ ಮೈಗೋ ನಿಮ್ಮ ಸಲುವಾಗಿಯೋ ಆದರೆ ನಾವು ‘-ಕೊಳ್ಳು’ ಸೇರಿಸಿ ‘ಮಾಡಿಸಿಕೊಳ್ಳು’ ಅನ್ನುತ್ತೇವೆ. ಅವರು ‘ಮೀರ್’ (ನನಗೆ) ಅಥವಾ ‘ಮಿಶ್’ (ನನ್ನನ್ನು) ಸೇರಿಸುತ್ತಾರೆ. ‘ಇಶ್ ಲಸ್ಸೆ ಮೀರ್ ಡೀ ಹಾರೆ ಶ್ನೈಡೆನ್’: ಕಟಿಂಗ್ ಮಾಡಿಸಿಕೊಳ್ಳುತ್ತೇನೆ. ‘ಇಶ್ ಲಸ್ಸೆ ಮಿಶ್ ಇಂಪ್ಫೆನ್’: ಲಸಿಕೆ ಹಾಕಿಸಿಕೊಳ್ಳುತ್ತೇನೆ. ನಮ್ಮ ಎರಡು ಪ್ರತ್ಯಯಗಳಿಗೆ ಅವರ ಎರಡು ಪದಗಳು, ಒಂದಕ್ಕೊಂದು ಜೋಡಿ.

‘ಲಸ್ಸೆನ್’ ಬಿಟ್ಟುಬಿಟ್ಟರೆ ಅರ್ಥ ಬದಲಾಗುತ್ತದೆ. ‘ಇಶ್ ಹಾಬೆ ಮೀರ್ ಡೀ ಹಾರೆ ಗೆಶ್ನಿಟ್ಟೆನ್’ ಅಂದರೆ ಕನ್ನಡಿ ಮುಂದೆ ನಿಂತು ನಿಮ್ಮ ಕೂದಲನ್ನು ನೀವೇ ಕತ್ತರಿಸಿಕೊಂಡಿರಿ ಎಂದರ್ಥ. ಇಂಗ್ಲಿಷಿನಿಂದ ಬಂದವರು ಇಲ್ಲಿ ಎಡವುತ್ತಾರೆ. ‘ಕತ್ತರಿಸಿಕೊಂಡೆ’, ‘ಕತ್ತರಿಸಿಸಿಕೊಂಡೆ’ ಎಂದು ನಮ್ಮಲ್ಲೂ ಆಡುಮಾತಿನಲ್ಲಿ ಕಲಸಿಹೋಗುವುದುಂಟು. ಹಾಗಾಗಿ ‘ಮಾಡಿಸಿಕೊಂಡೆ’ ಎಂದೇ ಯೋಚಿಸಿ.

ಭೂತಕಾಲದಲ್ಲಿ ಇನ್ನೊಂದು ತಿರುವು. ‘ಇಶ್ ಹಾಬೆ ಡಾಸ್ ಔಟೋ ರೆಪಾರೀರೆನ್ ಲಸ್ಸೆನ್’. ಕೊನೆಯಲ್ಲಿ ‘ಗೆಲಸ್ಸೆನ್’ ಬರುವುದಿಲ್ಲ, ‘ಲಸ್ಸೆನ್’ ಹಾಗೇ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದು. ಕೆಲಸಕ್ಕೆ ಸೇರಿದವರಿಗೆ ಬೇಕಾಗುವ ಒಂದು ವಾಕ್ಯ: ‘ಇಶ್ ಹಾಬೆ ಮಿಶ್ ಕ್ರಾಂಕ್‌ಶ್ರೈಬೆನ್ ಲಸ್ಸೆನ್’. ಡಾಕ್ಟರ ಹತ್ತಿರ ಕಾಯಿಲೆ ಚೀಟಿ ಬರೆಸಿಕೊಂಡಿದ್ದೇನೆ ಎಂದು. ‘ಬರೆಸಿಕೊಂಡೆ’, ನೋಡಿ, ಮತ್ತೆ ಅದೇ ಜೋಡಿ.

‘ಲಸ್ಸೆನ್’ ಅಂದರೆ ‘ಬಿಡು’ ಅಂತಲೂ ಓದಿದ್ದೆ?

ಅದೂ ನಿಜ. ‘ಇಶ್ ಲಸ್ಸೆ ಡೀ ಕಿಂಡರ್ ಶ್ಪೀಲೆನ್’ ಅಂದರೆ ಮಕ್ಕಳನ್ನು ಆಡಲು ಬಿಡುತ್ತೇನೆ. ಆಡಿಸುತ್ತೇನೆ ಎಂದಲ್ಲ. ಕನ್ನಡದಲ್ಲಿ ‘ಆಡಿಸು’, ‘ಆಡಲು ಬಿಡು’ ಬೇರೆ ಬೇರೆ. ಜರ್ಮನ್‌ನಲ್ಲಿ ಎರಡಕ್ಕೂ ಒಂದೇ ಪದ, ಸಂದರ್ಭ ನೋಡಿ ತಿಳಿಯಬೇಕು. ಒಬ್ಬರನ್ನು ಒಪ್ಪಿಸಿ ಕೆಲಸ ಮಾಡಿಸಿದಿರಿ ಅಂದರೆ ‘ಲಸ್ಸೆನ್’ ಸಾಲದು. ಅಲ್ಲಿ ‘ಯೂಬರ್‌ರೇಡೆನ್’ ಬೇಕು, ಅಂದರೆ ಮಾತಾಡಿ ಒಪ್ಪಿಸುವುದು.

‘ಗೆಟ್ ಡ್ರೆಸ್ಡ್’, ‘ಗೆಟ್ ರೆಡಿ’ ಅನ್ನೋ ಥರದವು?

ಇವಕ್ಕೆ ಹೆಚ್ಚಾಗಿ ‘ಝಿಶ್’ ಬರುವ ಕ್ರಿಯಾಪದಗಳು. ಝಿಶ್ ಅಂದರೆ ‘ತನ್ನನ್ನು’, ‘ತನಗೆ’; ‘ನಾನು’ ಕರ್ತೃವಾದರೆ ಅದು ‘ಮಿಶ್’ ಅಥವಾ ‘ಮೀರ್’ ಆಗುತ್ತದೆ. ಮತ್ತೆ ನಮ್ಮ ‘-ಕೊಳ್ಳು’ ನೆರವಿಗೆ ಬರುತ್ತದೆ. ಬಟ್ಟೆ ಹಾಕಿಕೊಳ್ಳುವುದು ‘ಝಿಶ್ ಆನ್‌ತ್ಸೀಯೆನ್’. ಕೂತುಕೊಳ್ಳುವುದು ‘ಝಿಶ್ ಝೆಟ್ಸೆನ್’. ರೂಢಿ ಮಾಡಿಕೊಳ್ಳುವುದು ‘ಝಿಶ್ ಗೆವ್ಯೋನೆನ್’. ಕೈ ತೊಳೆದುಕೊಳ್ಳುತ್ತೇನೆ ಎಂದರೆ ‘ಇಶ್ ವಾಶೆ ಮೀರ್ ಡೀ ಹೆಂಡೆ’. ಇಂಗ್ಲಿಷ್ ಬಲ್ಲವರಿಗೆ ಆ ‘ಮೀರ್’ ಯಾಕೆ ಬಂತು ಎಂದು ತಲೆಬಿಸಿ. ‘ತೊಳೆ’ ಬೇರೆ, ‘ತೊಳೆದುಕೋ’ ಬೇರೆ ಎಂದು ಬಲ್ಲ ನಮಗೆ ಯಾವ ಕಷ್ಟವೂ ಇಲ್ಲ.

ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ‘ಕಲಿತುಕೊಳ್ಳು’ ಎನ್ನಲು ಬರೀ ‘ಲೆರ್ನೆನ್’. ಮದುವೆ ಮಾಡಿಕೊಳ್ಳಲು ‘ಹೈರಾಟೆನ್’, ಅಲ್ಲೂ ಝಿಶ್ ಇಲ್ಲ. ತಿರುಗಾಮುರುಗಾ ಕೂಡ ಇದೆ. ‘ಖುಷಿಪಡು’ ಎಂಬಲ್ಲಿ ನಮಗೆ ‘-ಕೊಳ್ಳು’ ಇಲ್ಲ, ಅವರಿಗೆ ‘ಝಿಶ್ ಫ್ರೋಯೆನ್’. ಶೀತ ಆಗುವುದಕ್ಕೂ ಹಾಗೆ, ‘ಝಿಶ್ ಎರ್ಕೆಲ್ಟೆನ್’.

ಮದುವೆಯ ಮಾತು ಬಂದಿದ್ದರಿಂದ ಹೇಳುತ್ತೇನೆ, ವಿಚ್ಛೇದನ ಪಡೆಯಲು ‘ಝಿಶ್ ಶೈಡೆನ್ ಲಸ್ಸೆನ್’. ‘ಮಾಡಿಸಿಕೊಳ್ಳು’ ಮಾದರಿಯೇ.

ಕೆಲಸದಿಂದ ತೆಗೆದರು, ಕಳ್ಳತನವಾಯಿತು. ಇಂಥ ಕಡೆ?

ಇಂಗ್ಲಿಷಿನಲ್ಲಿ ‘ಗಾಟ್ ಫೈರ್ಡ್’ ಅನ್ನುತ್ತಾರೆ. ಜರ್ಮನ್‌ನಲ್ಲಿ ‘ವೇರ್ಡೆನ್’ ಸೇರಿಸಿ ಕರ್ಮಣಿ ಮಾಡುತ್ತಾರೆ: ‘ಎರ್ ವುರ್ಡೆ ಎಂಟ್‌ಲಸ್ಸೆನ್’. ಮಾತಿನಲ್ಲಿ ‘ಎರ್ ಇಸ್ಟ್ ಎಂಟ್‌ಲಸ್ಸೆನ್ ವೊರ್ಡೆನ್’. ಗಮನಿಸಿ, ‘ಆದನು’ ಎನ್ನುವ ಅರ್ಥಕ್ಕೆ ‘ಗೆವೊರ್ಡೆನ್’, ಕರ್ಮಣಿಗೆ ‘ವೊರ್ಡೆನ್’. ‘ಗೆ’ ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಕನ್ನಡದಲ್ಲಿ ಕರ್ಮಣಿ ಬಹಳ ಕಡಿಮೆ, ‘ತೆಗೆದರು’ ಎಂದು ಸುಮ್ನೆ ಹೇಳಿಬಿಡುತ್ತೇವೆ. ಜರ್ಮನ್‌ನಲ್ಲೂ ‘ಮಾನ್’ ಎಂಬ ಪದ ಇಟ್ಟು ಹಾಗೆಯೇ ಹೇಳಬಹುದು: ‘ಮಾನ್ ಹಾಟ್ ಈನ್ ಎಂಟ್‌ಲಸ್ಸೆನ್’. ಯಾರು ಎಂದು ಹೇಳದೆ ‘ತೆಗೆದರು’ ಅಂದ ಹಾಗೇ. ಹೊಸಬರಿಗೆ ನಾನು ಇದನ್ನೇ ಮೊದಲು ಕಲಿಸುತ್ತೇನೆ.

‘ಬೆಕೊಮ್ಮೆನ್’ ಬಳಸುವ ಕರ್ಮಣಿಯೂ ಒಂದಿದೆ. ‘ಇಶ್ ಹಾಬೆ ಡಾಸ್ ಬೂಖ್ ಗೆಶೆಂಕ್ಟ್ ಬೆಕೊಮ್ಮೆನ್’: ಈ ಪುಸ್ತಕ ನನಗೆ ಉಡುಗೊರೆಯಾಗಿ ಬಂತು. ಮಜಾ ಏನೆಂದರೆ ಕಳೆದುಕೊಂಡಾಗಲೂ ಇದೇ ರಚನೆ ಬರುತ್ತದೆ. ‘ಎರ್ ಹಾಟ್ ಡೆನ್ ಫ್ಯೂರರ್‌ಶೈನ್ ಎಂಟ್‌ತ್ಸೋಗೆನ್ ಬೆಕೊಮ್ಮೆನ್’: ಅವನ ಡ್ರೈವಿಂಗ್ ಲೈಸೆನ್ಸ್ ಕಿತ್ತುಕೊಂಡರು. ಬಿ1 (ಎ1, ಎ2, ಬಿ1, ಬಿ2 ಎಂದು ಏರುವ ಭಾಷಾ ಪರೀಕ್ಷೆಯ ಹಂತಗಳಲ್ಲಿ ಮೂರನೆಯದು) ದಾಟಿದ ಮೇಲೆ ಇದರ ಕಡೆ ನೋಡಿದರೆ ಸಾಕು.

‘ಗಾಟ್ ಇಟ್’ ಅನ್ನೋದಕ್ಕೆ?

‘ಫೆರ್‌ಶ್ಟಾಂಡೆನ್’. ಸ್ನೇಹಿತರ ನಡುವೆ ‘ಕಪೀರ್ಟ್’. ಯಾರೋ ಹೇಳಿದ್ದು ಕಿವಿಗೇ ಬೀಳಲಿಲ್ಲ, ಗಮನಕ್ಕೆ ಬರಲಿಲ್ಲ ಎಂದಾದರೆ ‘ಡಾಸ್ ಹಾಬೆ ಇಶ್ ನಿಶ್ಟ್ ಮಿಟ್‌ಬೆಕೊಮ್ಮೆನ್’. ಮೀಟಿಂಗ್‌ನಲ್ಲಿ ಈ ವಾಕ್ಯ ತುಂಬ ಉಪಯೋಗ. ‘ಅರ್ಥವಾಗಲಿಲ್ಲ’ ಎಂದರೆ ವಿಷಯ ತಿಳಿಯಲಿಲ್ಲ ಎಂದಾಗುತ್ತದೆ. ಇದರಲ್ಲಿ ಮಾತು ತಪ್ಪಿಹೋಯಿತು ಎಂದಷ್ಟೇ ಇದೆ.

‘ಐ ಹ್ಯಾವ್ ಗಾಟ್’?

ಬರೀ ‘ಹಾಬೆನ್’. ‘ಇಶ್ ಹಾಬೆ ತ್ಸ್ವೈ ಬ್ರ್ಯೂಡರ್’: ನನಗೆ ಇಬ್ಬರು ಅಣ್ಣತಮ್ಮಂದಿರು. ‘ಗಾಟ್’ ಕಡೆ ತಿರುಗಿಯೂ ನೋಡಬೇಡಿ. ‘ಹ್ಯಾವ್ ಗಾಟ್ ಟು’ ಎಂದರೆ ‘ಮ್ಯೂಸೆನ್’, ಮಾಡಲೇಬೇಕು ಎಂದು.

ಭೂತಕಾಲದಲ್ಲಿ ‘ಹಾಬೆನ್’ ಬರಬೇಕಾ, ‘ಝೈನ್’ ಬರಬೇಕಾ? ಯಾವಾಗಲೂ ಗೊಂದಲ.

ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಹ್ಯಾವ್’ ಆದ್ದರಿಂದ ಗೊಂದಲ ಸಹಜ. ನೀವು ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಅಥವಾ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬಂದರೆ ‘ಝೈನ್’, ಅಂದರೆ ‘ಇರು’; ‘ಇಶ್’ ಜೊತೆ ಅದು ‘ಬಿನ್’ ಆಗುತ್ತದೆ. ಆದ್ದರಿಂದ ವೇರ್ಡೆನ್, ಕೊಮ್ಮೆನ್, ಆನ್‌ಕೊಮ್ಮೆನ್, ಔಫ್‌ಶ್ಟೇಯೆನ್, ಐನ್‌ಶ್ಟೈಗೆನ್, ಎಲ್ಲಕ್ಕೂ ‘ಇಶ್ ಬಿನ್’. ಪಡೆಯುವ ಅರ್ಥದ ಬೆಕೊಮ್ಮೆನ್, ಹೋಲೆನ್, ಫೆರ್‌ಶ್ಟೇಯೆನ್, ಲಸ್ಸೆನ್, ಝಿಶ್ ಇರುವವು, ಎಲ್ಲಕ್ಕೂ ‘ಇಶ್ ಹಾಬೆ’.

‘ಕೊಮ್ಮೆನ್’ಗೆ ಬಿನ್, ‘ಬೆಕೊಮ್ಮೆನ್’ಗೆ ಹಾಬೆ. ಸದ್ದು ಒಂದೇ ಥರ ಇರುವುದರಿಂದ ಇಲ್ಲಿ ಜಾರುವವರು ತುಂಬ ಜನ. ಪಡೆದ ವಸ್ತು ವಾಕ್ಯದಲ್ಲಿ ಇದೆಯಾ ನೋಡಿ, ಇದ್ದರೆ ಹಾಬೆ. ಇದಕ್ಕೂ ಒಂದು ಅಪವಾದ ಇದೆ, ‘ಲೋಸ್‌ವೇರ್ಡೆನ್’. ಬೇಡದ್ದನ್ನು ಕಳೆದುಕೊಳ್ಳುವುದು ಎಂದರ್ಥ. ‘ಇಶ್ ಬಿನ್ ಡೆನ್ ಆಲ್ಟೆನ್ ಶ್ರಾಂಕ್ ಲೋಸ್‌ಗೆವೊರ್ಡೆನ್’: ಆ ಹಳೆಯ ಬೀರು ಕೊನೆಗೂ ತೊಲಗಿತು. ವಸ್ತು ಇದ್ದರೂ ‘ಬಿನ್’, ಯಾಕೆಂದರೆ ಒಳಗೆ ‘ವೇರ್ಡೆನ್’ ಕೂತಿದೆ.

ಬಿಡಿಸಿ ನೋಡಿದರೂ ಹೊಂದದ ನುಡಿಗಟ್ಟುಗಳು?

ಅವನ್ನು ಇಡಿಯಾಗಿ ಕಲಿಯುವುದೇ ದಾರಿ. ಕಾಯಿಲೆ ಬಿದ್ದವರಿಗೆ ‘ಗೂಟೆ ಬೆಸ್ಸೆರುಂಗ್!’ ಬೇಗ ಹುಷಾರಾಗಿ ಎಂದು. ಇಲ್ಲಿ ಕ್ರಿಯಾಪದವೇ ಇಲ್ಲ. ಆಮೇಲೆ ಫೋನ್ ಮಾಡುತ್ತೇನೆ, ಸಂಪರ್ಕಿಸುತ್ತೇನೆ ಎನ್ನಲು ‘ಇಶ್ ಮೆಲ್ಡೆ ಮಿಶ್’. ಒಬ್ಬರ ಜೊತೆ ಹೊಂದಿಕೊಂಡು ಹೋಗುತ್ತೀರಿ ಎಂದರೆ ‘ವಿರ್ ಫೆರ್‌ಶ್ಟೇಯೆನ್ ಉನ್ಸ್ ಗೂಟ್’. ತಲೆ ತಿನ್ನುತ್ತಾರೆ ಎಂದರೆ ‘ಡಾಸ್ ಗೇಟ್ ಮೀರ್ ಔಫ್ ಡೀ ನೆರ್ಫೆನ್’. ಪರಿಚಯ ಮಾಡಿಕೊಳ್ಳುವುದಕ್ಕೆ ‘ಕೆನ್ನೆನ್‌ಲೆರ್ನೆನ್’. ದಾರಿ ತಪ್ಪುವುದಕ್ಕೆ ಎರಡು ಪದ: ನಡೆದು ತಪ್ಪಿದರೆ ‘ಝಿಶ್ ಫೆರ್‌ಲೌಫೆನ್’, ಕಾರಿನಲ್ಲಿ ತಪ್ಪಿದರೆ ‘ಝಿಶ್ ಫೆರ್‌ಫಾರೆನ್’.

ಅನುವಾದದ ಆ್ಯಪ್ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಬಳಸಿ, ಬೇಡ ಅನ್ನುವುದಿಲ್ಲ. ಡೀಪ್‌ಎಲ್, ಗೂಗಲ್ ಎರಡೂ ಇಡೀ ವಾಕ್ಯ ಕೊಟ್ಟರೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಒಂಟಿ ಪದ ‘ಗೆಟ್’ ಹಾಕಿದರೆ ಅದಕ್ಕೂ ಸಂದರ್ಭ ತಿಳಿಯುವುದಿಲ್ಲ. ವಾಕ್ಯ ಹಾಕಿ, ಬಂದ ಕ್ರಿಯಾಪದವನ್ನು ಡೂಡನ್‌ನಂಥ ಜರ್ಮನ್ ನಿಘಂಟಿನಲ್ಲಿ ಹುಡುಕಿ, ಅಲ್ಲಿನ ಉದಾಹರಣೆ ಓದಿ. ಆದರೆ ರೋಗಿಯ ಮುಂದೆ, ವೀಸಾ ಕಿಟಕಿಯ ಮುಂದೆ, ಮನೆ ಮಾಲೀಕರ ಮುಂದೆ ಫೋನ್ ತೆಗೆಯುವಷ್ಟು ಹೊತ್ತು ಇರುವುದಿಲ್ಲ. ಅಲ್ಲಿ ಮಾತು ಬಾಯಿಯಲ್ಲೇ ಇರಬೇಕು.

ಎ1 ಪರೀಕ್ಷೆ ಹತ್ತಿರ ಬಂತು. ಎಲ್ಲ ಕಲಿಯಲು ಸಮಯ ಇಲ್ಲ. ಮೊದಲು ಯಾವುದು?

ಬೆಕೊಮ್ಮೆನ್, ವೇರ್ಡೆನ್, ಕೊಮ್ಮೆನ್, ಹೋಲೆನ್, ಔಫ್‌ಶ್ಟೇಯೆನ್, ಐನ್‌ಶ್ಟೈಗೆನ್, ಔಸ್‌ಶ್ಟೈಗೆನ್. ಲಸ್ಸೆನ್ ಅನ್ನು ಎ2 ಹೊತ್ತಿಗೆ ಹಿಡಿಯಿರಿ. ಕರ್ಮಣಿ ಬಿ1ರಲ್ಲಿ. ನರ್ಸಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ, ಅಷ್ಟರಲ್ಲಿ ಈ ಪುಟದಲ್ಲಿ ಇರುವುದೆಲ್ಲ ಬರಬೇಕು.

ಒಂದೊಂದು ಕ್ರಿಯಾಪದಕ್ಕೂ ನಿಮ್ಮ ದಿನದಿಂದಲೇ ಕನ್ನಡ ವಾಕ್ಯ ಬರೆಯಿರಿ, ಅದರ ಎದುರಿಗೆ ಜರ್ಮನ್ ಬರೆಯಿರಿ. ಆ ಹಾಳೆಯಲ್ಲಿ ಇಂಗ್ಲಿಷ್ ಬೇಡ.

ಬೇಕರಿಯಲ್ಲಿ ‘ವಾಸ್ ಬೆಕೊಮ್ಮೆನ್ ಝೀ?’ ಅಂತ ಕೇಳಿದರು. ಏನು ಹೇಳಬೇಕು?

ನಿಮಗೆ ಏನು ಕೊಡಲಿ ಎಂದು ಕೇಳುತ್ತಿದ್ದಾರೆ. ‘ಇಶ್ ಬೆಕೊಮ್ಮೆ ತ್ಸ್ವೈ ಬ್ರೇತ್ಸೆಲ್ನ್, ಬಿಟ್ಟೆ’ ಅಂದರೆ ಆಯಿತು, ಎರಡು ಬ್ರೇತ್ಸೆಲ್ (ಗಂಟು ಹಾಕಿದ ಆಕಾರದ ಬ್ರೆಡ್) ಕೊಡುತ್ತಾರೆ. ಇನ್ನೂ ವಿನಯವಾಗಿ ಹೇಳಬೇಕಾದರೆ ‘ಇಶ್ ಹೆಟ್ಟೆ ಗೆರ್ನ್’ ಎಂದು ಶುರು ಮಾಡಿ. ದುಡ್ಡು ಕೊಡುವಾಗ ಅದೇ ಪ್ರಶ್ನೆಯನ್ನು ನೀವೂ ಅವರಿಗೆ ಕೇಳಬಹುದು. ‘ವಾಸ್ ಬೆಕೊಮ್ಮೆನ್ ಝೀ?’, ಎಷ್ಟು ಕೊಡಬೇಕು ಎಂದು. ಅವರು ಚಿಲ್ಲರೆ ಕೊಡಲು ಮರೆತರೆ ‘ಇಶ್ ಬೆಕೊಮ್ಮೆ ನೋಖ್ ತ್ಸ್ವೈ ಓಯ್ರೋ ತ್ಸುರ್ಯೂಕ್’, ನನಗೆ ಇನ್ನೂ ಎರಡು ಯೂರೋ ವಾಪಸ್ ಬರಬೇಕು ಎನ್ನಿ.